ಕೆಲಸ ಉಂಟು, ಕೂಲಿ ಯಾರ ಕೈಗೆ?

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಕೋಣೆಯ ಹೊರಗಿನ ಬೆಂಚಿನಲ್ಲಿ ನಿಮಗೂ ತುಸು ಜಾಗ ಸಿಕ್ಕಿದೆ. ಪಕ್ಕದ ಅಜ್ಜಿ ಪ್ಲಾಸ್ಟಿಕ್ ಕೊಟ್ಟೆಯಿಂದ ಮಗನ ಚೀಟಿಗಳನ್ನು ತೆಗೆದು, ಎಣಿಸಿ, ಒಳಗಿಡುತ್ತಾರೆ. ಎರಡು ನಿಮಿಷ ಕಳೆದರೆ ಮತ್ತೆ ತೆಗೆಯುತ್ತಾರೆ. ಮಗನಿಗೆ ನಲವತ್ತರ ಹತ್ತಿರ. ಎದುರಿನ ಗೋಡೆಗೆ ಒರಗಿ ನಿಂತಿದ್ದಾನೆ, ಕೂರು ಅಂದರೂ ಕೂರುವುದಿಲ್ಲ. ಆ ಕಾಲಿನಿಂದ ಈ ಕಾಲಿಗೆ, ಈ ಕಾಲಿನಿಂದ ಆ ಕಾಲಿಗೆ ಭಾರ ಹೊರಳಿಸುತ್ತಲೇ ಇದ್ದಾನೆ. ನೋಡಿದವರಿಗೆ ಎಲ್ಲಿಗೋ ಹೊರಡುವ ಅವಸರದಲ್ಲಿದ್ದ ಹಾಗೆ. ಅವನಿಗೆ ಅವಸರವೇನೂ ಇಲ್ಲ. ಕೆಲವು ಮಾತ್ರೆಗಳು ಮನುಷ್ಯನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ, ಅಷ್ಟೆ. ಆದರೆ ಕೆಲಸ ಕೇಳಲು ಹೋದಾಗ ಅಂಗಡಿಯ ಯಜಮಾನರ ಕಣ್ಣು ಮೊದಲು ಬೀಳುವುದು ಈ ಕಾಲಿನ ಮೇಲೇ.

2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಶುರು ಮಾಡಿದ ಮೇಲೆ ಗೊತ್ತುಪಡಿಸಿದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವುದು ರೂಢಿಯಾಯಿತು. ತೀರ್ಥಹಳ್ಳಿಗೆ ಅದಕ್ಕಿಂತ ಹಳೆಯ ನಂಟೊಂದಿದೆ. ನಿಮ್ಹಾನ್ಸ್‌ನ ವೈದ್ಯರು 2005ರಿಂದ ಈ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ, ಚಿಕಿತ್ಸೆಗೆ ಹಚ್ಚಿ, ಅವರು ಹೇಗಿದ್ದಾರೆ, ಏನು ಮಾಡಿಕೊಂಡಿದ್ದಾರೆ ಎಂದು ವರ್ಷಗಟ್ಟಲೆ ಬರೆದಿಟ್ಟಿದ್ದಾರೆ. ಚಿಕಿತ್ಸೆಯಲ್ಲಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಒಂದಲ್ಲ ಒಂದು ಕೆಲಸ ಮಾಡುತ್ತಿದ್ದರು ಎಂಬುದು ಆ ಬರಹಗಳಿಂದ ಹೊರಬಂದ ಸಂಗತಿ. ತೋಟ, ಗದ್ದೆ, ಕೊಟ್ಟಿಗೆ, ಅಡುಗೆಮನೆ. ಪೇಟೆಯಲ್ಲಿ ಇಂಥವರಿಗೆ ಕೆಲಸ ಸಿಗುವುದೇ ದೊಡ್ಡ ಕಷ್ಟ. ಹಳ್ಳಿಯಲ್ಲಿ ಕೆಲಸಕ್ಕೆ ಬರವಿಲ್ಲ. ಬರ ಇರುವುದು ಕೂಲಿಗೆ.

ಹೆಸರು ಯಾರದ್ದೂ ಕೇಳಬೇಡಿ. ಇಲ್ಲಿ ಒಂದು ಸುಳಿವು ಸಿಕ್ಕರೆ ಸಾಕು, ಮನೆತನ ಸಮೇತ ಪತ್ತೆ ಹಚ್ಚುತ್ತಾರೆ. ಹಾಗಾಗಿ ಈ ದಿನ ನಿಮಗೆ ಎದುರಾಗುವ ಒಬ್ಬೊಬ್ಬರನ್ನೂ ಹಲವರಿಂದ ಕೂಡಿಸಿ ಮಾಡಿದ್ದೇನೆ.

ಬಾಗಿಲ ಬಳಿ ಸಣ್ಣ ಮೇಜು ಹಾಕಿಕೊಂಡು ಕೂತ ಹೆಂಗಸು ಸಮಾಜ ಕಾರ್ಯಕರ್ತೆ. ವಯಸ್ಸಾದವರಿಗೆ ‘ಮೇಡಂ’, ಹುಡುಗರಿಗೆ ‘ಅಕ್ಕ’. ಒಳಗೆ ಡಾಕ್ಟರು ನಿದ್ದೆ, ಊಟ, ಕಿವಿಯಲ್ಲಿ ಕೇಳುವ ಮಾತು, ಮಾತ್ರೆ ಎಲ್ಲ ವಿಚಾರಿಸಿ, ತಿಂಗಳ ಇಂಜೆಕ್ಷನ್ನಿನವರಿಗೆ ಇಂಜೆಕ್ಷನ್ ಕೊಡಿಸಿ ಕಳಿಸಿದ ಮೇಲೆ ಇವರ ಎದುರು ಬರಬೇಕು. ಇವರದ್ದು ಎರಡೇ ಪ್ರಶ್ನೆ.

“ಈ ತಿಂಗಳು ಎಷ್ಟು ದಿನ ಕೆಲಸಕ್ಕೆ ಹೋದ್ರಿ?”

ಅಜ್ಜಿಯೇ ಉತ್ತರ ಕೊಡುತ್ತಾರೆ: “ಹೋಗ್ತಾನೆ ಮೇಡಂ, ದಿನಾ ಹೋಗ್ತಾನೆ. ಅವನ ಅಣ್ಣನ ತೋಟಕ್ಕೇ ಹೋಗದು.”

“ದುಡ್ಡು ಯಾರು ಇಸ್ಕೊಂಡ್ರು?”

“ಮನೆ ಕೆಲಸಕ್ಕೆ ಎಂತ ದುಡ್ಡು ಮೇಡಂ? ಊಟ ಹಾಕದಿಲ್ವಾ?”

ಮೇಡಂ ಏನೂ ಹೇಳುವುದಿಲ್ಲ. ರಿಜಿಸ್ಟರಿನಲ್ಲಿ ‘ಕೆಲಸ’ ಎಂಬ ಮನೆಯಲ್ಲಿ 26 ಎಂದು ಬರೆದು, ಪಕ್ಕದ ‘ಕೈಗೆ ಬಂದದ್ದು’ ಎಂಬ ಮನೆಯಲ್ಲಿ ಸೊನ್ನೆ ಹಾಕುತ್ತಾರೆ. ಬಗ್ಗಿ ನೋಡಿ, ಆ ಪುಟದ ಮೇಲಿನಿಂದ ಕೆಳಗೆ ಸೊನ್ನೆಗಳೇ ಜಾಸ್ತಿ. ಮಗ ಇಷ್ಟು ಹೊತ್ತೂ ನೆಲ ನೋಡುತ್ತಿದ್ದವನು ಈಗ ಆ ಸೊನ್ನೆಯನ್ನು ನೋಡುತ್ತಿದ್ದಾನೆ.

ಹನ್ನೊಂದೂವರೆಗೆ ಸ್ಕೂಟರ್ ಹೊರಡುತ್ತದೆ. ಹಿಂದೆ ಕೂತುಕೊಳ್ಳಿ, ಕಾಲ ಬಳಿ ರಿಜಿಸ್ಟರಿನ ಚೀಲ ಇದೆ, ಹುಷಾರು. ಮೊದಲು ಪೇಟೆಯಲ್ಲೇ ಒಂದು ಹೋಟೆಲು. ಹೋಟೆಲೆಂದರೆ ಎಂಟು ಮೇಜು, ಒಂದು ಗಲ್ಲಾ, ಗಾಜಿನ ಕಪಾಟಿನಲ್ಲಿ ಬೆಳಗಿನ ಬನ್ಸ್ ನಾಲ್ಕು ಉಳಿದಿವೆ. ತಿಂಡಿಯ ಗದ್ದಲ ಮುಗಿದು ಊಟದ್ದು ಶುರುವಾಗುವ ಮೊದಲಿನ ಈ ಅರ್ಧ ಗಂಟೆಯಲ್ಲೇ ಮೇಡಂ ಬರುವುದು. ಯಜಮಾನರಿಗೆ ಮಾತಾಡಲು ಪುರುಸೊತ್ತು ಇರುವುದು ಆಗ ಮಾತ್ರ.

ಹಿಂಬದಿಗೆ ಬನ್ನಿ. ಗ್ರೈಂಡರ್ ತಿರುಗುತ್ತಿದೆ. ಅದರ ಪಕ್ಕ ನಿಂತು ಅಂಚಿಗೆ ಹತ್ತಿದ ಉದ್ದಿನ ಹಿಟ್ಟನ್ನು ಕೈಯಿಂದ ಬಳಿದು ನಡುವಿಗೆ ತಳ್ಳುತ್ತಿರುವವರಿಗೆ ಮೂವತ್ನಾಲ್ಕು ವರ್ಷ. ಬೆರಳು ಸಣ್ಣಗೆ ನಡುಗುತ್ತದೆ. ಹಿಟ್ಟಿಗೆ ಅದರಿಂದ ಏನೂ ತೊಂದರೆಯಿಲ್ಲ. ತೊಂದರೆ ಆದದ್ದು ಮೊದಲು, ಅವರನ್ನು ಸಪ್ಲೈಯರ್ ಮಾಡಿದಾಗ. ಸ್ಟೀಲ್ ಲೋಟದ ಕಾಫಿ ಮೇಜು ಮುಟ್ಟುವ ಹೊತ್ತಿಗೆ ಮುಕ್ಕಾಲಾಗುತ್ತಿತ್ತು, ಬಟ್ಟಲಲ್ಲಿ ಕಾಲು. “ಗಿರಾಕಿ ಬೈತಾರೆ ಮೇಡಂ, ಬೇಡ” ಎಂದು ಯಜಮಾನರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅಲ್ಲಿಗೆ ಕೈಬಿಟ್ಟಿದ್ದರೆ ‘ಇಂಥವರು ಕೆಲಸಕ್ಕೆ ನಿಲ್ಲುವುದಿಲ್ಲ’ ಎಂಬ ಮಾತಿಗೆ ಇನ್ನೊಂದು ಸಾಕ್ಷಿ ಸಿಗುತ್ತಿತ್ತು. ಮೇಡಂ ಕೇಳಿದ್ದು ಒಂದೇ: ಕೈ ನಡುಗಿದರೂ ನಡೆಯುವ ಕೆಲಸ ಈ ಹೋಟೆಲಿನಲ್ಲಿ ಯಾವುದಿದೆ? ಗ್ರೈಂಡರ್ ಇತ್ತು. ತೆಂಗಿನಕಾಯಿ ತುರಿಯುವುದಿತ್ತು. ಇಡ್ಲಿ ತಟ್ಟೆ ತೊಳೆಯುವುದಂತೂ ಯಾರಿಗೂ ಬೇಡದ ಕೆಲಸವಾಗಿ ಬಿದ್ದುಕೊಂಡಿತ್ತು.

ಆಮೇಲೆ ಬಂದದ್ದು ಹೊತ್ತಿನ ತಕರಾರು. ಹೋಟೆಲು ಬಾಗಿಲು ತೆಗೆಯುವುದು ಆರಕ್ಕೆ. ಇವರು ತೆಗೆದುಕೊಳ್ಳುವುದು ಕ್ಲೋಜಪಿನ್. ಬೇರೆ ಮಾತ್ರೆಗಳು ಸೋತ ಮೇಲೆ ಕೊಡುವ, ಹಲವರಿಗೆ ಬದುಕನ್ನೇ ಮರಳಿಸಿದ ಔಷಧಿ. ಆದರೆ ನುಂಗಿ ಮಲಗಿದರೆ ಬೆಳಿಗ್ಗೆ ಎಂಟರವರೆಗೂ ಎಚ್ಚರವಿಲ್ಲ, ಎದ್ದರೆ ದಿಂಬೆಲ್ಲ ಜೊಲ್ಲು. ಮನೆಯವರ ಬಾಯಲ್ಲಿ ಇದಕ್ಕೆ ‘ಸೋಮಾರಿತನ’ ಎಂದು ಹೆಸರು. ಮೇಡಂ ಡಾಕ್ಟರ ಹತ್ತಿರ ಹೋಗಿ ಈ ಸಂಗತಿ ಇಟ್ಟರು. ರಾತ್ರಿ ಹತ್ತೂವರೆಯ ಮಾತ್ರೆ ಎಂಟು ಗಂಟೆಗೆ ಸರಿಯಿತು. ಯಜಮಾನರ ಹತ್ತಿರ ಹೋಗಿ ಆ ಕಡೆಯಿಂದಲೂ ಸ್ವಲ್ಪ ಸರಿಸಿದರು: ಆರಕ್ಕೆ ಬದಲು ಒಂಬತ್ತಕ್ಕೆ ಬರುವುದು, ಸಂಜೆ ನಾಳೆಯ ಹಿಟ್ಟು ರುಬ್ಬಿಟ್ಟೇ ಹೋಗುವುದು, ಅದಕ್ಕೆ ತಕ್ಕ ಸಂಬಳ. ಕ್ಲೋಜಪಿನ್ ಶುರುವಾದರೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇರೆ. ಬಿಳಿ ರಕ್ತಕಣ ಇಳಿದರೆ ಜೀವಕ್ಕೇ ಅಪಾಯ. ಹೊಸದಾಗಿ ಸೇರಿದವನಿಗೆ ವಾರವಾರ ಅರ್ಧ ದಿನ ರಜೆ ಕೊಡುವ ಹೋಟೆಲು ಯಾವುದಿದೆ? ವಾರದ ರಜೆಯನ್ನೇ ರಕ್ತ ಕೊಡುವ ದಿನಕ್ಕೆ ಹೊಂದಿಸಿದರು. ಕೆಲಸ ಹುಡುಕಿಕೊಡುವುದು ಅರ್ಧ ದಿನದ ಮಾತು. ಅದನ್ನು ಉಳಿಸುವುದು ಹೀಗೆ ಒಂದೊಂದು ಗಂಟೆಗೆ ಚೌಕಾಸಿ ಮಾಡುವ ವ್ಯವಹಾರ.

ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದರು. ಮೊದಲ ದಿನ ಅವರು ದನಿ ತಗ್ಗಿಸಿ ಕೇಳಿದ್ದ ಪ್ರಶ್ನೆಯನ್ನು ಮೇಡಂ ಈಗ ನಿಮಗೆ ಅವರೆದುರೇ ಹೇಳುತ್ತಾರೆ. ‘ಕೈಗೆ ಚಾಕು ಕೊಡಬಹುದನಾ?’

“ನಾನೆಂತ ಹೇಳಿದೆ ಹೇಳಿ ನೋಡುವಾ?”

ಯಜಮಾನರು ನಗುತ್ತಾರೆ. “ನಿಮ್ಮ ದೋಸೆ ಮಾಡುವವ ಕುಡ್ಕೊಂಡು ಬರ್ತಾನೆ ಅಂತ ನೀವೇ ಹೇಳಿದ್ರಲ್ಲ, ಅವನ ಕೈಯಿಂದ ಚಾಕು ಕಸ್ಕೊಂಡಿದ್ದೀರಾ, ಅಂದ್ರಿ.”

ಹೆದರಿಕೆ ಸುಳ್ಳಲ್ಲ, ಸಿನಿಮಾ ನೋಡಿ ಬೆಳೆದವರಿಗೆ ಅದು ಇದ್ದೇ ಇರುತ್ತದೆ. ನಿಜಕ್ಕೂ ಈ ಕಾಯಿಲೆಯವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು. ಆದರೆ ಇದನ್ನು ಭಾಷಣ ಮಾಡಿದರೆ ಯಾವ ಯಜಮಾನರೂ ಕೇಳುವುದಿಲ್ಲ, ದೋಸೆಯವನನ್ನು ತೋರಿಸಿದರೆ ಕೇಳುತ್ತಾರೆ.

ಇವರ ಕಾಯಿಲೆ ಏನೆಂದು ಗೊತ್ತಿರುವುದು ಯಜಮಾನರೊಬ್ಬರಿಗೆ. ಎಷ್ಟು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂದು ತೀರ್ಮಾನಿಸಿದವರು ಗ್ರೈಂಡರ್ ಪಕ್ಕ ನಿಂತಿರುವ ಇವರೇ. ‘ತಲೆಗೆ ಸಂಬಂಧಪಟ್ಟ ಕಾಯಿಲೆ, ಮಾತ್ರೆ ತಪ್ಪದಿದ್ದರೆ ಹದದಲ್ಲಿರ್ತದೆ’, ಇಷ್ಟಕ್ಕೆ ಒಪ್ಪಿದ್ದರು. ಉಳಿದ ಹುಡುಗರಿಗೆ ಇವರೊಬ್ಬ ಮಾತು ಕಡಿಮೆ ಆಡುವ ಅಣ್ಣ.

ಕಳೆದ ವರ್ಷದ ಎಳ್ಳಮಾವಾಸ್ಯೆ ಜಾತ್ರೆಯ ಸಂಗತಿ ಮಾತ್ರ ನೀವು ಕೇಳಲೇಬೇಕು. ಜಾತ್ರೆಯಲ್ಲಿ ಹೋಟೆಲು ನಡುರಾತ್ರಿಯವರೆಗೆ ತೆರೆದಿತ್ತು. ಜಾಸ್ತಿ ದುಡ್ಡು ಸಿಗುತ್ತದೆಂದು ಇವರೂ ನಿಂತರು. ಮೂರು ರಾತ್ರಿ ನಿದ್ದೆಯಿಲ್ಲ, ಮಾತ್ರೆಯ ಹೊತ್ತು ತಪ್ಪಿತು. ನಾಲ್ಕನೆಯ ದಿನ, ಗಿರಾಕಿಗಳೆಲ್ಲ ತನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಎಂದು ಹಿಟ್ಟಿನ ಕೈಯಲ್ಲೇ ಹೊರಗೆ ಹೋದರು. ಯಜಮಾನರು ಪೊಲೀಸರಿಗೆ ಫೋನ್ ಮಾಡಲಿಲ್ಲ. ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದ ಮೇಡಂ ನಂಬರಿಗೆ ಮಾಡಿದರು. ಮೂರು ವಾರದ ನಂತರ ಇವರು ಮರಳಿ ಬಂದಾಗ ಜಾಗದಲ್ಲಿ ಬೇರೆ ಹುಡುಗನಿದ್ದ. ಆ ಹುಡುಗ ಹದಿನೈದು ದಿನಕ್ಕೆ ಹೇಳದೆ ಕೇಳದೆ ಶಿವಮೊಗ್ಗಕ್ಕೆ ಹೋದ. ಗ್ರೈಂಡರ್ ಮತ್ತೆ ಇವರಿಗೇ ಬಂತು. ಹೋಟೆಲಿನ ಹುಡುಗರು ತಿಂಗಳಿಗೊಬ್ಬರಂತೆ ಕೆಲಸ ಬಿಡುತ್ತಾರೆ, ಯಾರೂ ಅವರನ್ನು ರೋಗಿ ಎನ್ನುವುದಿಲ್ಲ. ಇವರು ಒಮ್ಮೆ ಬಿಟ್ಟರೆ ಊರಿಗೆ ಊರೇ ‘ನಾವು ಮೊದಲೇ ಹೇಳಿರಲಿಲ್ವಾ’ ಅನ್ನುತ್ತದೆ.

ಇಲ್ಲಿಂದ ತುಂಗೆಯ ಕಮಾನು ಸೇತುವೆ ದಾಟಬೇಕು. ಗಾಳಿಯಲ್ಲಿ ಮೇಡಂ ಮಾತು ಅರ್ಧರ್ಧ ಕೇಳುತ್ತದೆ. ಕಿವಿ ಮುಂದೆ ಮಾಡಿ. ಅವರು ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ. ನಿಮ್ಹಾನ್ಸ್ ಆವರಣದ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮರಗೆಲಸ, ಹೊಲಿಗೆ, ಮುದ್ರಣ ಎಲ್ಲ ನಡೆಯುವುದನ್ನು ನೋಡಿದವರು. ಬಿಸಿ ಬ್ರೆಡ್ಡು ಹೊರಗೆ ಬರುವಾಗಿನ ವಾಸನೆ ಈಗಲೂ ನೆನಪಿದೆಯಂತೆ. ಅದರ ಬಗ್ಗೆ ಅವರಿಗೆ ಗೌರವವೇ. ಅವರ ಸಿಟ್ಟು ಬೇರೆ ಕಡೆ: ಊರೂರಿನ ಕೇಂದ್ರಗಳಲ್ಲಿ ವರ್ಷಗಟ್ಟಲೆ ಕಾಗದದ ಕವರು ಅಂಟಿಸುವವರು, ಮೇಣದಬತ್ತಿ ಎರೆಯುವವರು. ‘ತಯಾರಾಗುತ್ತಿದ್ದಾರೆ’ ಎನ್ನುತ್ತಲೇ ಇರುತ್ತಾರೆ. ಯಾವುದಕ್ಕೆ ತಯಾರು? ಇಷ್ಟೊಂದು ಮೇಣದಬತ್ತಿ ಹಚ್ಚುವವರಾದರೂ ಯಾರು?

ಈ ಸಿಟ್ಟು ಅವರೊಬ್ಬರದ್ದೇ ಅಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ 1990ರ ದಶಕದಲ್ಲಿ ಹಳೆಯ ಕ್ರಮವನ್ನು ತಲೆಕೆಳಗು ಮಾಡಿದರು. ಮೊದಲು ವಾಸಿಯಾಗಲಿ, ಆಮೇಲೆ ತರಬೇತಿ, ಆಮೇಲೆ ಕೆಲಸ ಎಂಬುದು ಹಳೆಯ ಕ್ರಮ. ಇವರು ಹೇಳಿದ್ದು: ಯಾರಿಗೆ ಕೆಲಸ ಬೇಕೋ ಅವರಿಗೆ ತಡ ಮಾಡದೆ ನಿಜವಾದ ಕೆಲಸವನ್ನೇ ಹುಡುಕಿ, ಅವರು ಇಷ್ಟಪಟ್ಟದ್ದನ್ನೇ ಹುಡುಕಿ, ಸೇರಿದ ಮೇಲೆ ಬೆನ್ನ ಹಿಂದೆ ನಿಲ್ಲಿ, ಚಿಕಿತ್ಸೆ ಕೊಡುವವರೂ ಕೆಲಸ ಹುಡುಕುವವರೂ ಒಂದೇ ಮೇಜಿಗೆ ಕೂರಲಿ. ಹಲವು ದೇಶಗಳಲ್ಲಿ ಎರಡೂ ಕ್ರಮಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಈ ದಾರಿಯಲ್ಲೇ ಹೆಚ್ಚು ಜನ ಕೆಲಸಕ್ಕೆ ಸೇರಿದರು. ನಮ್ಮ ಮನೆಗಳಲ್ಲಿ ಹಳೆಯ ಕ್ರಮಕ್ಕೆ ಒಂದು ಮೆಟ್ಟಿಲು ಜಾಸ್ತಿ: ಕೆಲಸಕ್ಕೂ ಮೊದಲು ಮದುವೆ. “ಮದುವೆ ಆದ್ರೆ ಸರಿ ಹೋಗ್ತಾನೆ” ಎಂದು ನಂಬಿ ಇನ್ನೊಂದು ಮನೆಯ ಹುಡುಗಿಯನ್ನು ಮಾತ್ರೆಯ ಬದಲು ತಂದವರ ಕತೆ ಮೇಡಂ ಹತ್ತಿರ ಬೇಕಾದಷ್ಟಿವೆ. ಸೇತುವೆ ದಾಟುವಷ್ಟರಲ್ಲಿ ಮುಗಿಯುವಂಥವಲ್ಲ.

ಮಧ್ಯಾಹ್ನ ಎರಡು ಗಂಟೆ. ಹೋಬಳಿ ಊರಿನ ಬಸ್‌ಸ್ಟ್ಯಾಂಡ್ ಪಕ್ಕ ಒಂದು ಆನ್‌ಲೈನ್ ಸೇವಾ ಕೇಂದ್ರ. ಪಹಣಿ, ಆಧಾರ್ ತಿದ್ದುಪಡಿ, ವಿದ್ಯಾರ್ಥಿವೇತನದ ಅರ್ಜಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ಬಿ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದವನು. ಹಗಲು ರಾತ್ರಿ ಅದಲುಬದಲಾದ ಎಂಟನೇ ತಿಂಗಳಿಗೆ ನಿದ್ದೆಯೇ ಬೇಡವಾಯಿತು, ಮಾತು ನಿಲ್ಲದಾಯಿತು, ಒಂದೇ ವಾರದಲ್ಲಿ ಸಾಲ ಮಾಡಿ ಎರಡು ಬೈಕ್ ಕೊಂಡ. ಬೈಪೋಲಾರ್ ಎಂದು ಹೆಸರು ಸಿಕ್ಕಿದ್ದು ಆಮೇಲೆ. ಈಗ ಲಿಥಿಯಂ ಮೇಲಿದ್ದಾನೆ. ಮೇಜಿನ ಮೇಲೆ ಎರಡು ಲೀಟರಿನ ನೀರಿನ ಬಾಟಲಿ ಕಾಣುತ್ತದಲ್ಲ, ಅದು ಅದಕ್ಕೇ. ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಅಮ್ಮನ ಜೊತೆ ಏಕಾದಶಿಗೆ ನೀರೂ ಮುಟ್ಟದ ಉಪವಾಸ ಮಾಡುವುದನ್ನು ಬಿಡಿಸಲು ಮೇಡಂ ಮನೆಯವರೆಗೆ ಹೋಗಬೇಕಾಯಿತು.

ಅಪ್ಪನಿಗೆ ಇವನು ತೋಟ ನೋಡಿಕೊಳ್ಳಲಿ ಎಂದಿತ್ತು. ಇವನಿಗೆ ತೋಟ ಬೇಡ. ತೋಟದಲ್ಲಿ ಯಾರೂ ಏನೂ ಕೇಳುವುದಿಲ್ಲ, ಸುಲಭ. ಆದರೆ ಬೇಡ ಅಂದರೆ ಬೇಡ. ಇಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಆರು, ರಾತ್ರಿ ಕೆಲಸವಿಲ್ಲ ಎಂಬ ಒಂದೇ ಷರತ್ತಿನ ಮೇಲೆ ಸೇರಿದ್ದಾನೆ. ಕೌಂಟರಿನಲ್ಲಿ ನಿಂತ ಹೆಂಗಸಿನ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುತ್ತಿಲ್ಲ. ಅಡಿಕೆ ಸುಲಿದು ಬೆರಳಿನ ಗೆರೆಯೇ ಸವೆದಿದೆ. ಅವನು ಬಟ್ಟೆ ಒದ್ದೆ ಮಾಡಿ ಆ ಬೆರಳನ್ನು ಮೆಲ್ಲಗೆ ಒರೆಸಿ, ಮತ್ತೆ ಒತ್ತಿಸಿ, ಬೇರೆ ಬೆರಳು ಹಿಡಿಸಿ, ಕೊನೆಗೂ ಆಗಿಸುತ್ತಾನೆ. ಅಷ್ಟು ತಾಳ್ಮೆ ನನಗಂತೂ ಇಲ್ಲ.

ಮೇಡಂ ಮತ್ತೆ ಹಳೆಯ ವಿಷಯ ತೆಗೆಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇ 4ರ ಮೀಸಲಾತಿಯಲ್ಲಿ ಶೇ 1ರಷ್ಟನ್ನು ಹಂಚಿಕೊಳ್ಳುವ ಗುಂಪಿನಲ್ಲಿ ಇವನಂಥವರೂ ಬರುತ್ತಾರೆ. ಅದಕ್ಕೆ ಪ್ರಮಾಣಪತ್ರ ಬೇಕು. ಡಾಕ್ಟರು ನಾಲ್ಕು ವಿಷಯಕ್ಕೆ ಅಂಕ ಹಾಕುತ್ತಾರೆ: ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು. ಅದಕ್ಕೆ ಕಾಯಿಲೆ ಎಷ್ಟು ವರ್ಷದ್ದು ಎಂಬ ಅಂಕವನ್ನೂ ಕೂಡಿಸಿ ಒಟ್ಟು 20ಕ್ಕೆ 7 ಮುಟ್ಟಿದರೆ ಶೇ 40. ಶೇ 40 ಇದ್ದರೆ ಮಾತ್ರ ಮೀಸಲಾತಿಯ ಬಾಗಿಲು. ಈ ಲೆಕ್ಕದ ತಮಾಷೆ ನೋಡಿ. ಚೆನ್ನಾಗಿ ಕೆಲಸ ಮಾಡಿದಷ್ಟೂ ಅಂಕ ಇಳಿಯುತ್ತದೆ. ಅಂಕ ಇಳಿದರೆ ಪ್ರಮಾಣಪತ್ರವೂ ಅದರ ಮೇಲೆ ನಿಂತ ಪಿಂಚಣಿಯೂ ಅಲುಗಾಡುತ್ತವೆ. ಮಗ ಕೆಲಸಕ್ಕೆ ಹೋಗಲಿ ಎಂದು ಹರಕೆ ಹೊತ್ತ ತಾಯಿಯೇ ಮರುಪರೀಕ್ಷೆಯ ದಿನ “ಇವ ಎಂತ ಕೆಲ್ಸವೂ ಮಾಡದಿಲ್ಲ ಡಾಕ್ಟ್ರೇ” ಎಂದು ಹೇಳುವುದನ್ನು ಮೇಡಂ ಕೇಳಿದ್ದಾರೆ. ತಾಯಿಯನ್ನು ದೂರುವಂತಿಲ್ಲ. ಕೆಲಸ ಹೋದರೆ ಪಿಂಚಣಿ ಮರುದಿನವೇ ವಾಪಸು ಬರುವುದಿಲ್ಲವಲ್ಲ.

ಹುಡುಗ ಪ್ರಿಂಟರಿಗೆ ಹಾಳೆ ತುಂಬುತ್ತಾ ಹೇಳುತ್ತಾನೆ: “ಬೇಡ ಅಕ್ಕಾ. ಒಂದ್ಸಲ ಕಂಪ್ಯೂಟರಿಗೆ ಏರಿದ್ರೆ ಆ ಹೆಸರು ಇಳಿಯೋದಿಲ್ಲ. ನನಗೆ ಗೊತ್ತಿಲ್ವಾ? ದಿನಾ ಏರಿಸೋನು ನಾನೇ.”

ಮೇಡಂ ಒತ್ತಾಯ ಮಾಡುವುದಿಲ್ಲ. ರಿಜಿಸ್ಟರಿನ ಎರಡನೇ ಮನೆಯಲ್ಲಿ ಅವನೇ ಪೆನ್ನು ತೆಗೆದುಕೊಂಡು ತಿಂಗಳ ಸಂಬಳ ಬರೆಯುತ್ತಾನೆ.

ಇನ್ನು ಹಳ್ಳಿ. ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿದ ಮೇಲೆ ಸ್ಕೂಟರ್ ನಿಧಾನ. ಇದು ಕೊಯ್ಲಿನ ಕಾಲ. ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ ಮನೆ ಕಾಣುವ ಮೊದಲೇ ಬರುತ್ತದೆ. ಗೌಡರ ಅಂಗಳದಲ್ಲಿ ಚಪ್ಪರದ ಕೆಳಗೆ ಟಾರ್ಪಾಲು ಹಾಸಿ, ಹಸಿ ಅಡಿಕೆಯ ರಾಶಿ ಸುರಿದಿದ್ದಾರೆ. ಅದರ ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಏಳೆಂಟು ಹೆಂಗಸರು. ಒಬ್ಬರ ಮೊಬೈಲಿನಲ್ಲಿ ಹಾಡು, ಇನ್ನೊಬ್ಬರ ಬಾಯಲ್ಲಿ ಪಕ್ಕದೂರಿನ ಮದುವೆಯ ಸುದ್ದಿ.

“ಬನ್ನಿ ಬನ್ನಿ, ಆಸರಿಗೆ ಎಂತ ಆಗಬಹುದು?” ಗೌಡರ ಹೆಂಡತಿ ಕೇಳುತ್ತಾರೆ. ಬೇಡ ಅನ್ನಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ.

ಸಾಲಿನ ತುದಿಯಲ್ಲಿ, ಗೋಡೆಯ ಪಕ್ಕ ಕೂತವರನ್ನು ನೋಡಿ. ನಲವತ್ತೈದರ ಹೆಂಗಸು. ಎಡಗೈ ಅಡಿಕೆ ಹಿಡಿಯುತ್ತದೆ, ಕತ್ತಿಯ ಅಲಗಿಗೆ ಒತ್ತಿ ತಿರುವುತ್ತದೆ, ಸಿಪ್ಪೆ ಒಂದು ಕಡೆ, ಬೇಳೆ ಬುಟ್ಟಿಗೆ. ಸೊನೆ ಹತ್ತಿ ಬೆರಳ ತುದಿಯೆಲ್ಲ ಕಪ್ಪು. ನಡುನಡುವೆ ತುಟಿ ಅಲುಗುತ್ತದೆ, ಯಾರಿಗೋ ಚಿಕ್ಕದಾಗಿ “ಸುಮ್ನಿರು” ಎನ್ನುತ್ತಾರೆ. ಪಕ್ಕದವಳು ತನಗೆ ಹೇಳಿದ್ದೆಂದು ತಿಳಿಯುವುದಿಲ್ಲ, ಎಲ್ಲರಿಗೂ ಅಭ್ಯಾಸವಾಗಿದೆ. ಇಪ್ಪತ್ತು ವರ್ಷದಿಂದ ಕೇಳಿಸುವ ದನಿಗಳು ಇಂಜೆಕ್ಷನ್ನಿನಿಂದ ಇಳಿದಿವೆ, ಪೂರಾ ಹೋಗಿಲ್ಲ. ಕೈ ಕೆಲಸದಲ್ಲಿದ್ದಾಗ ಅವು ದೂರ ಹೋಗುತ್ತವೆಂದು ಅವರೇ ಮೇಡಂಗೆ ಹೇಳಿದ್ದು. ಕೈ ಖಾಲಿಯಾದರೆ ಹತ್ತಿರ ಬರುತ್ತವೆ. ಈ ಸಾಲಿಗೆ ಅವರು ಬಂದು ಕೂರುವುದಕ್ಕೆ ಅದೇ ಕಾರಣವೆಂದು ಊರಿನವರು ತಿಳಿದಿದ್ದರು: “ಪಾಪ, ಸುಲಿದ್ರೆ ಅವಳಿಗೇ ಸಮಾಧಾನ.” ಸಮಾಧಾನಕ್ಕೆ ಕೂಲಿ ಕೊಡುವ ಪದ್ಧತಿ ಯಾವ ಊರಲ್ಲಿದೆ?

ಕೂಲಿ ಡಬ್ಬದ ಲೆಕ್ಕ. ಸುಲಿದ ಬೇಳೆಯನ್ನು ಡಬ್ಬದಲ್ಲಿ ಅಳೆದು ಪುಸ್ತಕಕ್ಕೆ ಬರೆಯುತ್ತಾರೆ. ಇವರ ಲೆಕ್ಕವನ್ನೂ ಗೌಡರು ಬರೆಯುತ್ತಿದ್ದರು, ಮೋಸ ಮಾಡಿದವರಲ್ಲ. ಆದರೆ ದುಡ್ಡು ಹೋಗುತ್ತಿದ್ದದ್ದು ತಮ್ಮನ ಕೈಗೆ. “ಅವಳಿಗೆ ದುಡ್ಡಿನ ಲೆಕ್ಕ ಎಲ್ಲಿ ಗೊತ್ತಾಗ್ತದೆ? ಮಾತ್ರೆ, ಬಸ್ ಚಾರ್ಜು ಎಲ್ಲ ನಾನೇ ಕೊಡದು” ಎಂಬುದು ತಮ್ಮನ ವಾದ. ಅದೂ ಪೂರ್ತಿ ಸುಳ್ಳಲ್ಲ. ಕೆಟ್ಟ ವರ್ಷಗಳಲ್ಲಿ ಅಕ್ಕನನ್ನು ರಾತ್ರಿ ಹುಡುಕಿಕೊಂಡು ತೋಟ ತೋಟ ತಿರುಗಿದವನು ಅವನೇ. ಇಂಥ ಮನೆಗಳಲ್ಲಿ ಒಳ್ಳೆಯವರು, ಕೆಟ್ಟವರು ಎಂದು ಗೆರೆ ಎಳೆಯಲು ಹೋದರೆ ಕಾರ್ಯಕರ್ತೆಗೆ ಮರುದಿನ ಬಾಗಿಲೇ ತೆರೆಯುವುದಿಲ್ಲ. ಮೇಡಂ ಗೆರೆ ಎಳೆಯಲಿಲ್ಲ, ಬ್ಯಾಂಕಿಗೆ ಕರೆದುಕೊಂಡು ಹೋದರು. ಅಲ್ಲಿ “ಜೊತೆಗೆ ಯಾರಾದರೂ ಗಂಡಸರು ಇದ್ದರೆ ಒಳ್ಳೇದು” ಎಂಬ ಸಲಹೆ ಬಂತು. 2016ರ ಆ ಕಾಯ್ದೆಯ 13ನೇ ಕಲಂ, ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುವ ಹಕ್ಕು ಇಂಥವರಿಗೂ ಎಲ್ಲರಷ್ಟೇ ಇದೆ ಎನ್ನುತ್ತದೆ. ಅದರ ಕನ್ನಡ ಪ್ರತಿ ಮೇಡಂ ಚೀಲದಲ್ಲಿ ಮಡಚಿ ಮಡಚಿ ಹರಿಯುವಂತಾಗಿದೆ. ಖಾತೆ ಅವರೊಬ್ಬರ ಹೆಸರಿನಲ್ಲೇ ತೆರೆಯಿತು.

ಇನ್ನೊಂದು ಸಣ್ಣ ಬದಲಾವಣೆ ನೀವೇ ಗಮನಿಸಿರಬೇಕು. ಸುಲಿತ ಸಾಮಾನ್ಯವಾಗಿ ರಾತ್ರಿ ಹತ್ತು ಹನ್ನೊಂದರವರೆಗೂ ನಡೆಯುತ್ತದೆ. ಇವರು ಎಂಟಕ್ಕೆ ಮಾತ್ರೆ ನುಂಗಿ ಮತ್ತೆ ಕತ್ತಿಯ ಮುಂದೆ ಕೂರುತ್ತಿದ್ದರು. ತೂಕಡಿಕೆಯಲ್ಲಿ ಹೆಬ್ಬೆರಳು ಸೀಳಿತ್ತು. ಈಗ ಮಧ್ಯಾಹ್ನವೇ ಬಂದು ಎಲ್ಲರಿಗಿಂತ ಮೊದಲು ಕೂರುತ್ತಾರೆ, ಏಳೂವರೆಗೆ ಏಳುತ್ತಾರೆ. ಡಬ್ಬದ ಲೆಕ್ಕವಾದ್ದರಿಂದ ಯಾರಿಗೂ ತಕರಾರಿಲ್ಲ.

ತಕರಾರು ಬರುವುದು ಮುಂದೆ. ಗೌಡರು ಕೊಟ್ಟಿಗೆಯ ಪಕ್ಕದಲ್ಲಿ ಹೊಸ ಸಿಮೆಂಟು ಕಟ್ಟೆ ಕಟ್ಟಿಸುತ್ತಿದ್ದಾರೆ, ನೋಡಿದಿರಾ? ಮುಂದಿನ ಕೊಯ್ಲಿಗೆ ಸುಲಿಯುವ ಮಷಿನ್ ಬರುತ್ತದಂತೆ. ಕೈಯಲ್ಲಿ ಸುಲಿಯುವವರು ಸಿಗುವುದಿಲ್ಲ ಎಂದು ಗೌಡರ ದೂರು. ಮಷಿನ್ ಬಂದರೆ ಅದು ಒಡೆದದ್ದನ್ನು, ಅರೆಸುಲಿದದ್ದನ್ನು ಆರಿಸಲು ಇಬ್ಬರೋ ಮೂವರೋ ಬೇಕಾಗುತ್ತಾರೆ; ಚುರುಕಿನವರನ್ನೇ ಇಟ್ಟುಕೊಳ್ಳುತ್ತಾರೆ. ಮೇಡಂ ಚಹಾ ಕುಡಿಯುತ್ತಲೇ ಗೌಡರನ್ನು ಮಾತಿಗೆಳೆದಿದ್ದಾರೆ: ಆರಿಸುವ ಕೆಲಸಕ್ಕೆ ಕಣ್ಣು ಸಾಲದೇ, ವೇಗ ಯಾಕೆ? ಗೌಡರು “ನೋಡುವಾ, ನೋಡುವಾ” ಎನ್ನುತ್ತಾರೆ. ಮಲೆನಾಡಿನಲ್ಲಿ ‘ನೋಡುವಾ’ ಎಂದರೆ ಇಲ್ಲ ಎಂದೂ ಅಲ್ಲ, ಹೌದು ಎಂದೂ ಅಲ್ಲ. ಮೇಡಂ ಅದನ್ನೂ ಬರೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಮತ್ತೆ ಬರಬೇಕು, ಅದಕ್ಕೊಂದು ಗುರುತು.

ಏಳೂವರೆ. ಬಲ್ಬಿನ ಸುತ್ತ ಹುಳ ಸುತ್ತಲು ಶುರುವಾಗಿದೆ. ಆ ಹೆಂಗಸು ಸೆರಗು ಕೊಡವಿ ಎದ್ದು, ತನ್ನ ಬುಟ್ಟಿಯನ್ನು ತಾನೇ ಎತ್ತಿಕೊಂಡು ಅಳೆಯುವ ಜಾಗಕ್ಕೆ ಬರುತ್ತಾರೆ. ತಮ್ಮ ಬೈಕ್ ತಂದು ಅಂಗಳದ ತುದಿಯಲ್ಲಿ ಕಾಯುತ್ತಿದ್ದಾನೆ. ಗೌಡರ ಮಗ ಡಬ್ಬಕ್ಕೆ ತುಂಬಿ, ಅಂಗೈಯಲ್ಲಿ ಮೇಲೆ ಸವರಿ, ಸುರಿಯುತ್ತಾನೆ. ಒಂದು. ಎರಡು. ಮೂರು. ಬುಟ್ಟಿಯ ತಳದಲ್ಲಿ ಇನ್ನೂ ಉಳಿದಿದೆ. ಅವನು ಅದನ್ನು ಹಾಗೇ ರಾಶಿಗೆ ಸುರಿದು ಪುಸ್ತಕದಲ್ಲಿ ಬರೆಯಲು ಬಗ್ಗುತ್ತಾನೆ.

“ಎಷ್ಟು ಬರೆದೆ?”

“ಮೂರು, ಅಕ್ಕ.”

“ಮೂರೂವರೆ.”

“ತಳದಲ್ಲಿ ಸ್ವಲ್ಪ ಇತ್ತು, ಅಷ್ಟೇ...”

“ಅರ್ಧ ಡಬ್ಬ ಇತ್ತು. ಸುರಿಯೋದಕ್ಕೆ ಮುಂಚೆ ಅಳೀಬೇಕಿತ್ತು. ನೀ ಅಳೀಲಿಲ್ಲ.”

ತಮ್ಮ ದೂರದಿಂದಲೇ “ಬಿಡು ಮಾರಾಯ್ತಿ, ಹೊತ್ತಾಯ್ತು” ಎನ್ನುತ್ತಾನೆ. ಸಾಲಿನಲ್ಲಿದ್ದ ಹೆಂಗಸರ ಕತ್ತಿಗಳು ನಿಂತಿವೆ. ಗೌಡರ ಮಗ ಮೇಡಂ ಮುಖ ನೋಡುತ್ತಾನೆ. ಮೇಡಂ ಚಹಾದ ಲೋಟ ನೋಡುತ್ತಿದ್ದಾರೆ. ಕೊನೆಗೆ ಪಕ್ಕದಲ್ಲಿ ಕೂರುವವಳು ಬಾಯಿ ಬಿಡುತ್ತಾಳೆ: “ಇತ್ತು ಮಾರಾಯ, ನಾ ನೋಡಿದ್ದೆ. ಬರಿ.”

ಅವನು ಮೂರರ ಪಕ್ಕ ಅರ್ಧ ಬರೆಯುತ್ತಾನೆ.

“ನಿನ್ನೇದೂ ತೆಗಿ,” ಎನ್ನುತ್ತಾ ಅವರು ಪುಸ್ತಕದ ಮೇಲೆ ಬಗ್ಗುತ್ತಾರೆ. “ನಿನ್ನೇದೂ ನೋಡ್ಬೇಕು.”